ಸೋಲಾರ್ ಲೂಪಿಗೆ ನೀರು ತುಂಬಿದೆ: ರಾಯಚೂರಿನ ಸವಳು ನೀರಿಗೆ ಒಂದು ದಾರಿ

ಸ್ನಾನದ ನೀರು ಕಾಯಿಸುವ ಹೊಸ ಸೋಲಾರ್ ಕಟ್ಟುತ್ತಿದ್ದೇನೆ. ಜಾಕೆಟ್ ಟ್ಯಾಂಕು, ಅಂದರೆ ಸುತ್ತ ಇನ್ನೊಂದು ಹೊರಕವಚ ಇರುವ ಟ್ಯಾಂಕು, ಮಾಳಿಗೆ ಮೇಲೆ ಕೂತಿದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ. ತಾಮ್ರದ ಪೈಪುಗಳ ಬೆಸುಗೆಯೂ ಮುಗಿಯಿತು. ಉಳಿದದ್ದು ನೀರು ತುಂಬುವುದು. ನಲ್ಲಿಗೆ ಪೈಪು ಸಿಕ್ಕಿಸಿ ತಿರುಗಿಸಿದರೆ ಆಯ್ತಲ್ಲ ಅಂತ ಮನೆಗೆ ಬಂದವರೆಲ್ಲ ಹೇಳಿದರು. ನನಗೆ ಮಾತ್ರ ಇಡೀ ಕೆಲಸದಲ್ಲಿ ಇದೇ ದೊಡ್ಡದು ಅನಿಸಿದೆ.

ಕಾರಣ ನಮ್ಮ ಬೋರಿನ ನೀರು. ಹನಿ ಹಾಕಿ ನೋಡುವ ಕಿಟ್‌ನಲ್ಲಿ ಗಡಸುತನ ಲೀಟರಿಗೆ 720 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು 200. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಇಂಥ ನೀರು ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಸುಣ್ಣಕಲ್ಲಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಮ್ಮ ಹಳೆಯ ಗಾಜಿನ ಟ್ಯೂಬಿನ ಸೋಲಾರ್ ಹಾಳಾಗಿದ್ದು ಇದರಿಂದಲೇ. ಟ್ಯೂಬು ಬಿಚ್ಚಿ ಬಗ್ಗಿಸಿದರೆ ಬಿಳಿ ಚಕ್ಕೆಗಳು ಗರಗರ ಸದ್ದು ಮಾಡುತ್ತಾ ಜಾರಿ ಬಂದವು. ತಳದಲ್ಲಿ ಗೇಣುದ್ದ ಕಲ್ಲು ಕಟ್ಟಿತ್ತು. ಅದರ ಮೇಲೆ ನಿಂಬೆಹಣ್ಣು ಹಿಂಡಿದೆ, ಬುಸ್ಸೆಂದು ನೊರೆ ಬಂತು.

ಅದಕ್ಕೇ ಈ ಸಲ ಎರಡು ನೀರು ಬೇರೆ ಬೇರೆ. ಪ್ಯಾನೆಲ್‌ನ ಸಣ್ಣ ಪೈಪುಗಳಲ್ಲಿ ಮತ್ತು ಟ್ಯಾಂಕಿನ ಹೊರ ಜಾಕೆಟ್‌ನಲ್ಲಿ ಸುತ್ತುವ ನೀರು ಒಳಗೇ ಇರುತ್ತದೆ, ಈ ಸುತ್ತಿಗೇ ಲೂಪ್ ಅನ್ನುವುದು. ಸ್ನಾನದ ನೀರು ಒಳ ಟ್ಯಾಂಕಿನಲ್ಲಿ ಆ ಶಾಖದಿಂದ ಕಾಯುತ್ತದೆ. ಲೆಕ್ಕ ನೋಡಿ. ದಿನಕ್ಕೆ 200 ಲೀಟರ್ ಬೋರಿನ ನೀರು ಹರಿದರೆ ಅದರ ಜೊತೆ 144 ಗ್ರಾಂ ಗಡಸು ಹಾದುಹೋಗುತ್ತದೆ, ಅದೂ ದಿನಾ. ಅಷ್ಟೂ ಕೂರುವುದಿಲ್ಲ ನಿಜ, ಆದರೆ ಬರುವುದು ನಿಲ್ಲುವುದೇ ಇಲ್ಲ. ನನ್ನ ಲೂಪ್ ಹಿಡಿಯುವುದು 18 ಲೀಟರ್. ಅದೇ ನೀರು ತುಂಬಿದರೂ 13 ಗ್ರಾಂ, ಒಂದೇ ಸಲ.

ಹಾಗಾದರೆ ಬೋರಿನ ನೀರೇ ಸಾಕಲ್ವಾ? ಸಾಲದು. ಸುಣ್ಣದ ಜೊತೆ ಉಪ್ಪೂ ಇದೆ. ಲೂಪಿನಲ್ಲಿ ತಾಮ್ರ, ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಮೂರೂ ಇವೆ. ಉಪ್ಪು ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಬೇರೆ ಬೇರೆ ಲೋಹ ಸೇರುವ ಕಡೆ ಸವೆತ ಜಾಸ್ತಿ. ಸಾಫ್ಟನರ್ ನೀರು ಹಾಕು ಅಂದರು ಒಬ್ಬರು. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಅಷ್ಟೇ. ಸುಣ್ಣ ಕಟ್ಟುವುದಿಲ್ಲ, ಆದರೆ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಹೇಳುವ ಟಿಡಿಎಸ್ ಮೀಟರ್ ಹೆಚ್ಚುಕಡಿಮೆ ಮೊದಲಿನಷ್ಟೇ ತೋರಿಸುತ್ತದೆ. ಅದನ್ನು ನೋಡಿ ಸಾಫ್ಟನರ್ ಕೆಟ್ಟಿದೆ ಅಂದುಕೊಳ್ಳುವವರೂ ಇದ್ದಾರೆ.

ಜರ್ಮನಿಯಲ್ಲಿ ಮನೆ ಬೆಚ್ಚಗಿಡುವ ಪೈಪುಗಳಿಗೆ ತುಂಬುವ ನೀರಿಗೇ ವಿಡಿಐ 2035 ಅಂತ ಒಂದು ನಿಯಮಾವಳಿ ಇದೆ. ಅದರ ಪ್ರಕಾರ ಉಪ್ಪು ಕಡಿಮೆ ಇರುವ ನೀರು ಅಂದರೆ ವಾಹಕತೆ (ಕರೆಂಟು ಹರಿಯಬಿಡುವ ಗುಣ) ಸೆಂಟಿಮೀಟರಿಗೆ 100 ಮೈಕ್ರೋಸೀಮೆನ್ಸ್‌ಗಿಂತ ಕೆಳಗೆ. ನಮ್ಮ ಟಿಡಿಎಸ್ ಮೀಟರಿನ ಭಾಷೆಯಲ್ಲಿ ಸುಮಾರು 50. ಅಷ್ಟು ದೂರ ಯಾಕೆ, ಇಲ್ಲೇ ಶಕ್ತಿನಗರದ ಥರ್ಮಲ್ ಸ್ಟೇಷನ್‌ನಲ್ಲೂ ಕೃಷ್ಣೆಯ ನೀರನ್ನು ಲವಣ ತೆಗೆದೇ ಬಾಯ್ಲರಿಗೆ ಬಿಡುತ್ತಾರೆ. ನಾನು ಇನ್ವರ್ಟರ್ ಅಂಗಡಿಯಿಂದ ಬ್ಯಾಟರಿ ನೀರಿನ ಕ್ಯಾನ್ ತಂದೆ. ಮೀಟರ್ 4 ತೋರಿಸಿತು. ಜಾಕೆಟ್ ಕಟ್ಟಿದ ವೆಲ್ಡಿಂಗ್ ಮೇಸ್ತ್ರಿ ಕೇಳಿದರು, "ಇಷ್ಟಕ್ಕ ಬ್ಯಾಟರಿ ನೀರು ಯಾಕ್ರೀ ಸರ?" ಲೆಕ್ಕ ಹೇಳಿದ ಮೇಲೆ ಅವರೇ ಕ್ಯಾನ್ ಎತ್ತಿ ಮಾಳಿಗೆಗೆ ತಂದರು. ಚಳಿ ದೇಶದವರು ಹಾಕುವ ಗ್ಲೈಕಾಲ್ ನಾನು ಹಾಕಿಲ್ಲ. ರಾಯಚೂರಿನಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಅದು ಸೇರಿದರೆ ನೀರು ಶಾಖ ಹೊರುವುದೂ ಕಡಿಮೆ.

ತುಂಬುವ ಮೊದಲು ತೊಳೆಯಬೇಕು. ಬೆಸುಗೆ ಹಾಕುವಾಗ ಹಚ್ಚಿದ ಫ್ಲಕ್ಸ್ ಒಳಗೇ ಉಳಿದರೆ ತಾಮ್ರವನ್ನು ತಿನ್ನುತ್ತದೆ. ಮೊದಲು ನಲ್ಲಿ ನೀರು ಜೋರಾಗಿ ಬಿಟ್ಟೆ, ಹಸಿರು ಜಿಡ್ಡು ಹೊರಗೆ ಬಂತು. ಆಮೇಲೆ ಕಿರಾಣಿ ಅಂಗಡಿಯ ನಿಂಬೆ ಉಪ್ಪಿನ ನೀರು, ನಂತರ ಅಡುಗೆ ಸೋಡಾ ನೀರು, ಮತ್ತೆ ನಲ್ಲಿ ನೀರು. ಕೊನೆಗೆ ಸ್ವಲ್ಪ ಬ್ಯಾಟರಿ ನೀರು ಹಾಯಿಸಿ ಅದನ್ನು ಚೆಲ್ಲಿದೆ.

ತುಂಬಿದ್ದು ಬೆಳಗಿನ ಜಾವ, ಬಿಸಿಲು ಬೀಳುವ ಮೊದಲು. ಒಣ ಪ್ಯಾನೆಲ್ ಕಾದಿರುವಾಗ ತಣ್ಣೀರು ಬಿಟ್ಟರೆ ಆವಿ ಎದ್ದು ಜಾಯಿಂಟ್‌ಗೆ ಪೆಟ್ಟು. ಪಂಪಿನ ಬದಲು, ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಳಸಿದೆ. ಹೊಸದು, ಔಷಧಿ ಮುಟ್ಟದ್ದು. ಅದರ ನಾಜಲ್ ತೆಗೆದು ಪೈಪನ್ನು ಪ್ಯಾನೆಲ್‌ನ ಕೆಳಗಿನ ಡ್ರೈನ್ ಕಾಕಿಗೆ ಜೋಡಿಸಿದೆ. ಕೆಳಗಿನಿಂದ ನಿಧಾನ ತುಂಬಿದರೆ ಗಾಳಿ ತಾನಾಗಿ ಮೇಲೆ ಹೋಗುತ್ತದೆ. ಮೇಲಿನ ತುದಿಯಲ್ಲಿ ಪಾರದರ್ಶಕ ಪೈಪು ಇಟ್ಟಿದ್ದೆ. ಮೊದಲು ಗುಳುಗುಳು ಅಂತ ದೊಡ್ಡ ಗುಳ್ಳೆ, ಆಮೇಲೆ ಸಾಸಿವೆಯಷ್ಟು ಸಣ್ಣವು, ಆಮೇಲೆ ಬರೀ ನೀರು. ಪೈಪನ್ನು ಬೆರಳಿನಿಂದ ತಟ್ಟಿದಾಗ ಇನ್ನೊಂದಿಷ್ಟು ಗುಳ್ಳೆ ಬಂದವು. ಈ ಗಾಳಿ ಒಳಗೆ ಸಿಕ್ಕಿಕೊಂಡರೆ ಪಂಪಿಲ್ಲದೆ, ಕಾದ ನೀರು ತಾನೇ ಮೇಲೇರುವುದರಿಂದ ನಡೆಯುವ ಲೂಪ್ ಸುತ್ತುವುದೇ ಇಲ್ಲ.

ಎಲ್ಲಕ್ಕಿಂತ ಮೇಲೆ 2 ಲೀಟರಿನ ಪುಟ್ಟ ಡಬ್ಬಿ ಇದೆ. 30 ಡಿಗ್ರಿಯಿಂದ 90ಕ್ಕೆ ಏರಿದರೆ ನೀರು ಸುಮಾರು ಶೇಕಡಾ 3 ಹಿಗ್ಗುತ್ತದೆ, ಅಂದರೆ ನನ್ನ ಲೂಪಿಗೆ ಅರ್ಧ ಲೀಟರಿನ ಮೇಲೆ. ಡಬ್ಬಿಯ ಮುಚ್ಚಳದಲ್ಲಿ ಸೂಜಿ ತೂತು ಮಾತ್ರ, ಹೊಸ ಗಾಳಿ ಜಾಸ್ತಿ ಒಳಗೆ ಹೋಗಬಾರದು ಅಂತ.

ಬಿಸಿಲೇರಿದಂತೆ ಮೇಲಿನ ಪೈಪು ಕೈ ಇಡಲಾಗದಷ್ಟು ಕಾಯಿತು, ಕೆಳಗಿನದು ಉಗುರುಬೆಚ್ಚಗೆ. ಸುತ್ತಾಟ ಶುರುವಾಗಿದೆ ಅನ್ನುವುದಕ್ಕೆ ಅದೇ ಗುರುತು. ಸಂಜೆ ಒಳ ಟ್ಯಾಂಕು 61 ಡಿಗ್ರಿ. ಕಾದ ನೀರಿನಿಂದ ಬಿಟ್ಟ ಗಾಳಿಯನ್ನು ಮರುದಿನ ಮತ್ತೆ ತೆಗೆದು, ಕಡಿಮೆಯಾದಷ್ಟು ಬ್ಯಾಟರಿ ನೀರನ್ನೇ ಸುರಿದೆ. ಲೂಪಿನ ಟಿಡಿಎಸ್ ಈಗ 19.

ಒಳ ಟ್ಯಾಂಕಿಗೆ ಬರುವುದು ಈಗಲೂ ಬೋರಿನ ನೀರೇ. ಅಲ್ಲಿ ಸುಣ್ಣ ಕೂರುತ್ತದೆ. ಆದರೆ ಕೂರುವುದು ಅಗಲ ಗೋಡೆಯ ಮೇಲೆ, ಸಣ್ಣ ಪೈಪಿನಲ್ಲಿ ಅಲ್ಲ. ಕೈ ಹೋಗುವಷ್ಟು ದೊಡ್ಡ ಫ್ಲಾಂಜ್ (ಬಿಚ್ಚಿ ತೆಗೆಯುವ ಮುಚ್ಚಳದ ಬಾಯಿ) ಇಡಿಸಿದ್ದೇನೆ, ಕೆರೆದು ತೆಗೆಯಬಹುದು. ಬಾಕಿ ಇರುವುದು ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ. ಪಟ್ಟಿಯಲ್ಲಿ 7ರ ಆಸುಪಾಸು ಇದೆ, 8.2 ದಾಟಿದರೆ ಲೋಹಕ್ಕೆ ಒಳ್ಳೆಯದು. ಕಾದು ತಣ್ಣಗಾಗುತ್ತಾ ಅದು ತಾನೇ ಏರುವುದುಂಟು, ಹಾಗಾಗಿ ಕೆಲವು ವಾರ ಏನೂ ಬೆರೆಸದೆ ಬಿಟ್ಟು ಮತ್ತೆ ಅಳೆಯುತ್ತೇನೆ. ಬೇಸಿಗೆಗೆ ಪ್ಯಾನೆಲ್ ಮುಚ್ಚಲು ಗೋಣಿತಾಟು ಹೊಲಿಸುವುದೂ ಇದೆ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಲೂಪಿನ ನೀರು ಕುದಿದು ಹಾರಿಹೋಗುತ್ತದೆ.