ಕರೆಂಟಿಲ್ಲದ ಟೆಂಟಿನಲ್ಲಿ ಸಿಪ್ಯಾಪ್: ಬ್ಯಾಟರಿ ಡಬ್ಬ ಎಲ್ಲಿಗೆ ಬಂತು

ಅಕ್ಟೋಬರ್

ಕಾಫಿ ಕೊಯ್ಲಿನ ಹೊತ್ತಿಗೆ ಮೂಡಿಗೆರೆ ಕಡೆ ಭಾವನ ತೋಟದಲ್ಲಿ ಟೆಂಟ್ ಹಾಕುವುದು ನಮ್ಮಲ್ಲಿ ರೂಢಿ. ಸ್ಲೀಪ್ ಆಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ಕಟ್ಟುವುದಕ್ಕೆ, ಮಾಸ್ಕಿನ ಮೂಲಕ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಮೆಷಿನ್ ಬಂದ ಮೇಲೆ ನಾನೊಬ್ಬ ಮಾತ್ರ ಪ್ಲಗ್ ಇದೆ ಅಂತ ಮನೆಯೊಳಗೆ ಮಲಗುವ ಹಾಗಾಯಿತು. ಈ ಸಲ ಮೆಷಿನ್ನೂ ಟೆಂಟಿಗೆ ಬರಬೇಕು.

ಬ್ಯಾಟರಿ ಕೊಳ್ಳುವ ಮೊದಲು ಮೆಷಿನ್ ಎಷ್ಟು ತಿನ್ನುತ್ತದೆ ಅಂತ ನೋಡಬೇಕಲ್ವಾ? ನನ್ನದು ರೆಸ್‌ಮೆಡ್ ಏರ್‌ಸೆನ್ಸ್ 10. ಅಡಾಪ್ಟರ್ ಮೇಲೆ 24 ವೋಲ್ಟ್, 90 ವ್ಯಾಟ್ ಅಂತಿದೆ. 8 ಗಂಟೆಗೆ ಗುಣಿಸಿದರೆ 720 ವ್ಯಾಟ್-ಅವರ್. ಅಷ್ಟು ದೊಡ್ಡ ಬ್ಯಾಟರಿ ಹೊತ್ತುಕೊಂಡು ಟೆಂಟಿಗೆ ಯಾರು ಹೋಗುತ್ತಾರೆ? ಆದರೆ 90 ಅನ್ನುವುದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ರಾತ್ರಿಯಿಡೀ ಅಷ್ಟು ಎಳೆಯುವುದಿಲ್ಲ.

ಕಂಪನಿಯದೇ 12ರಿಂದ 24 ವೋಲ್ಟಿನ ಡಿಸಿ ಕನ್ವರ್ಟರ್ ತರಿಸಿ, ಮನೆ ಇನ್ವರ್ಟರ್ ಆಫ್ ಮಾಡಿ, ಅದರ ಬ್ಯಾಟರಿಗೆ ಸಿಕ್ಕಿಸಿದೆ. ನಡುವೆ ಒಂದು ಡಿಸಿ ವ್ಯಾಟ್ ಮೀಟರ್. ನೀರು ಕಾಯಿಸಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್, ಗಾಳಿ ಬರುವ ಬಿಸಿ ಟ್ಯೂಬ್ ಎರಡೂ ಆನ್ ಇದ್ದ ರಾತ್ರಿ ಸುಮಾರು 240 ವ್ಯಾಟ್-ಅವರ್. ಎರಡೂ ಆಫ್ ಮಾಡಿದರೆ ಬರೀ 85! ಗಾಳಿ ಊದುವ ಮೋಟಾರಿಗೆ ಬೇಕಾಗುವುದು ಹತ್ತು ವ್ಯಾಟಿನ ಆಸುಪಾಸು. ಉಳಿದಿದ್ದೆಲ್ಲ ನೀರು, ಟ್ಯೂಬು ಬಿಸಿ ಮಾಡುವುದಕ್ಕೆ. ಅಂದರೆ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವ ಬದಲು ಬಿಸಿ ನಿಲ್ಲಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಡಾಕ್ಟರನ್ನು ಕೇಳಿದೆ. ಕೆಲವು ರಾತ್ರಿ ಹ್ಯುಮಿಡಿಫೈಯರ್ ಇಲ್ಲದೆ ಮಲಗಿದರೆ ನನಗೆ ತೊಂದರೆ ಇಲ್ಲ, ಒತ್ತಡದ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ ಅಂದರು. ಮೂಗು ಒಣಗಿದರೆ ಸಲೈನ್ ಸ್ಪ್ರೇ.

ನವೆಂಬರ್

ಬ್ಯಾಟರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡ್. ಸೋಲಾರ್ ಬೀದಿದೀಪಕ್ಕೆ ಹಾಕುವ 12.8 ವೋಲ್ಟ್, 30 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಸಿಕ್ಕಿತು. ಕ್ಯಾಂಪಿಂಗ್ ಪವರ್ ಸ್ಟೇಷನ್ ಅಂತ ಚಂದದ ಹಿಡಿಕೆ ಹಚ್ಚಿ ಮಾರುವ ಡಬ್ಬಕ್ಕಿಂತ ಎಷ್ಟೋ ಅಗ್ಗ. ಒಳಗೇ ಬಿಎಂಎಸ್ ಇದೆ, ಅಂದರೆ ಬ್ಯಾಟರಿ ಮಿತಿ ಮೀರಿ ಚಾರ್ಜ್ ಆಗದ, ಇಳಿಯದ ಹಾಗೆ ಕಾಯುವ ಸರ್ಕ್ಯೂಟ್. 12.8ನ್ನು 30ಕ್ಕೆ ಗುಣಿಸಿದರೆ ಒಟ್ಟು 384 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಬೇಗ ಹಾಳಾಗುತ್ತದೆ. ಇದನ್ನು ಶೇಕಡಾ 80ರಷ್ಟು ಧೈರ್ಯವಾಗಿ ಬಳಸಬಹುದು. ಹಾಗಾದರೆ ನನಗೆ ಮೂರು ರಾತ್ರಿ, ಮೇಲೆ ಸ್ವಲ್ಪ ಉಳಿಕೆ.

ಪಾಸಿಟಿವ್ ತುದಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್. ದಪ್ಪ ವೈರು, ಉದ್ದ ಆದಷ್ಟು ಕಡಿಮೆ. ವೈರು ತೆಳುವಾಗಿ ಉದ್ದವಿದ್ದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದು ಕನ್ವರ್ಟರ್ ನಿಂತುಬಿಡುತ್ತದೆ.

‘ಇಷ್ಟೆಲ್ಲ ಯಾಕೆ, ಸಣ್ಣದೊಂದು ಇನ್ವರ್ಟರ್ ಇಟ್ಟು ಮಾಮೂಲಿ ಅಡಾಪ್ಟರ್ ಸಿಕ್ಕಿಸಿದ್ರೆ ಆಯ್ತಲ್ವಾ?’ ಅಂತ ಗೆಳೆಯ ಕೇಳಿದ. ಅದನ್ನೂ ಅಳೆದೆ. 150 ವ್ಯಾಟಿನ ಸೈನ್ ವೇವ್ ಇನ್ವರ್ಟರ್ ಮೂಲಕ ಅದೇ 85 ಹೋಗಿ 140 ಆಯಿತು. ಇನ್ವರ್ಟರ್ ಸುಮ್ನೆ ಆನ್ ಇದ್ದರೇ ಐದಾರು ವ್ಯಾಟ್ ನುಂಗುತ್ತದೆ, ಮೇಲೆ ಅಡಾಪ್ಟರಿನ ನಷ್ಟ. 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 24ಕ್ಕೆ ಇಳಿಸುವುದು, ಮೈಸೂರಿಗೆ ಹೊರಟವನು ಕೋಲಾರ ಸುತ್ತಿ ಬಂದ ಹಾಗೆ.

ಇನ್ನೊಬ್ಬರು ತಂದೆಯ ಆಕ್ಸಿಜನ್ ಕಾನ್ಸಂಟ್ರೇಟರಿಗೂ ಇಂಥದ್ದೇ ಮಾಡಿಕೊಡಿ ಅಂದರು. ಕೈ ಮುಗಿದೆ. ನಿಮಿಷಕ್ಕೆ 5 ಲೀಟರ್ ಕೊಡುವ ಮೆಷಿನ್ 300 ವ್ಯಾಟಿನಷ್ಟು ಎಳೆಯುತ್ತದೆ, ಈ ಡಬ್ಬ ಗಂಟೆಯ ಮೇಲೆ ಹೆಚ್ಚು ಬರುವುದಿಲ್ಲ. ನನಗೆ ಕರೆಂಟ್ ಹೋದರೆ ಒಂದು ರಾತ್ರಿ ಗೊರಕೆ, ಬೆಳಿಗ್ಗೆ ತಲೆನೋವು. ಅವರ ತಂದೆಗೆ ಹಾಗಲ್ಲ.

ಡಿಸೆಂಬರ್, ತೋಟ

‘ಇದೇನು ಮಾರಾಯ್ರೆ, ಮೂಗಿಗೆ ಪೈಪು, ಪಕ್ಕದಲ್ಲಿ ಬ್ಯಾಟ್ರಿ!’ ಅಂತ ಭಾವ ನಕ್ಕರು. ನಗಲಿ. ಮೊದಲ ರಾತ್ರಿ ಮೀಟರಿನಲ್ಲಿ 92 ತೋರಿಸಿತು. ಮಾಸ್ಕ್ ಸ್ವಲ್ಪ ಸೋರಿತ್ತು, ಮೆಷಿನ್ನಿನ ರಿಪೋರ್ಟಿನಲ್ಲೂ ಹಾಗೇ ಬಂದಿತ್ತು. ಸೋರಿದ ಗಾಳಿಯನ್ನು ತುಂಬಲು ಮೋಟಾರು ಜಾಸ್ತಿ ತಿರುಗಬೇಕು. ಪಟ್ಟಿ ಬಿಗಿ ಮಾಡಿದ ಮೇಲೆ 84ಕ್ಕೆ ಇಳಿಯಿತು. ಇಬ್ಬನಿ ಸುರಿಯುವ ಕಾಲವಾದ್ದರಿಂದ ಮೂಗು ಅಂಥಾ ಒಣಗಲಿಲ್ಲ, ಆದರೆ ತಣ್ಣನೆ ಗಾಳಿ ನೇರ ಬರುತ್ತದೆ. ಟ್ಯೂಬನ್ನು ಕಂಬಳಿಯೊಳಗೆ ಹಾಯಿಸಿದೆ. ಮೆಷಿನ್ನನ್ನು ಬೋರಲು ಹಾಕಿದ ಬಕೆಟ್ ಮೇಲಿಟ್ಟೆ, ನೆಲದ ಇರುವೆ, ಧೂಳು ಎರಡಕ್ಕೂ ಅದೇ ಉಪಾಯ. ಗಾಳಿ ಒಳಗೆ ಹೋಗುವ ಬಾಯಿ ಬಟ್ಟೆಬರೆಯಿಂದ ಮುಚ್ಚದ ಹಾಗೆ ನೋಡಿಕೊಳ್ಳಬೇಕು.

ಸೋಲಾರಿನದೇ ಬೇರೆ ಕತೆ. 50 ವ್ಯಾಟಿನ ಮಡಚುವ ಪ್ಯಾನೆಲ್ಲನ್ನು ಟೆಂಟಿನ ಪಕ್ಕ, ಸಿಲ್ವರ್ ಓಕ್ ಕೆಳಗೆ ಇಟ್ಟರೆ ಮೂರು ನಾಲ್ಕು ವ್ಯಾಟ್. ಕಾಫಿ ತೋಟದಲ್ಲಿ ನೆರಳು ಇರಲೇಬೇಕು, ಮರವನ್ನು ದೂರಿ ಏನು ಬಂತು. ಬಿಸಿಲು ಬೇಕೆಂದರೆ ಇಡೀ ತೋಟದಲ್ಲಿ ಇರುವುದೊಂದೇ ಜಾಗ, ಕಾಫಿ ಒಣಗಿಸುವ ಕಣ. ಹಣ್ಣು ಹರಡದ ಮೂಲೆಯೊಂದನ್ನು ಭಾವ ಬಿಟ್ಟುಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ 170ರ ಹತ್ತಿರ ಬಂತು, ಎರಡು ರಾತ್ರಿಗೆ ಸಾಕು.

ಈಗ

ಲಡಾಖಿಗೆ ಹೋಗುವ ಗೆಳೆಯ ಡಬ್ಬ ಕೇಳುತ್ತಿದ್ದಾನೆ. ವಿಮಾನದಲ್ಲಿ ಒಯ್ಯುವಂತಿಲ್ಲ. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗೆ ಸರಿ, ವಿಮಾನ ಕಂಪನಿಯವರು ಒಪ್ಪಿದರೆ 160. ಅವನಿಗೆ ಸಣ್ಣ ಬ್ಯಾಟರಿ ಎರಡು ನೋಡಬೇಕು. ಜೊತೆಗೆ ಲಡಾಖಿನ ಚಳಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ನನ್ನ ಡಬ್ಬದಲ್ಲಿ ಬಾಕಿ ಇರುವುದು ಮುಚ್ಚಳಕ್ಕೆ ರಬ್ಬರ್ ಪಟ್ಟಿ, ಸಾಕೆಟ್ಟಿಗೆ ನೀರು ತಾಗದ ಕ್ಯಾಪ್. ಮಳೆಗಾಲಕ್ಕೆ ಮುಂಚೆ ಆಗಬೇಕು.