ಚಾರ್ಮಾಡಿ ಇಳಿದ ಮೇಲೆ ಡಿಸ್ಕ್ ಹುಡುಕಿದ್ದು

ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಕೌಂಟರ್ ಮೇಲೆ ತಂದಿಟ್ಟ ಬ್ರೇಕ್ ಡಿಸ್ಕ್ ನನ್ನ ಗಾಡಿಯದ್ದಲ್ಲ ಅಂತ ನೋಡಿದ ತಕ್ಷಣ ಗೊತ್ತಾಯಿತು. ಊಟದ ತಟ್ಟೆಗೂ ತಿಂಡಿ ತಟ್ಟೆಗೂ ಇರುವಷ್ಟು ವ್ಯತ್ಯಾಸ.

"ಪೋಲೋ ಅಂದ್ರಲ್ಲ ಸಾರ್?"

"ಪೋಲೋನೇ. ಆದ್ರೆ ಜಿಟಿಐ."

"ಜಿಟಿನಾ? ಅದಕ್ಕೂ ಇದೇ ಕೂರುತ್ತೆ."

"ಜಿಟಿ ಅಲ್ಲ ಸಾರ್, ಜಿಟಿಐ. ಎರಡೇ ಬಾಗಿಲು ಇರೋದು."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಎರಡು ಬಾಗಿಲಿನ ಪೋಲೋ ಎಲ್ಲಿದೆ ಸಾರ್?"

ಅವರದ್ದೇನೂ ತಪ್ಪಿಲ್ಲ. ನಮ್ಮ ದೇಶದಲ್ಲಿ ಪೋಲೋ ಬೀದಿಗೊಂದು ಸಿಗುತ್ತದೆ, ಜಿಟಿಐ ಹಾಗಲ್ಲ. 2016ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯವರು ಅದನ್ನು ಇಲ್ಲಿ ಬಿಟ್ಟಾಗ 99 ಗಾಡಿ ಮಾತ್ರ ಅಂದಿದ್ದರು. ಪೂರ್ತಿ ಹೊರದೇಶದಲ್ಲೇ ತಯಾರಾಗಿ ಬಂದದ್ದು. 1.8 ಲೀಟರ್ ಟರ್ಬೋ ಪೆಟ್ರೋಲ್ ಇಂಜಿನ್, 192 ಪಿಎಸ್. ಎಕ್ಸ್‌ಶೋರೂಮ್ ಬೆಲೆ 25.99 ಲಕ್ಷ. ಅಷ್ಟು ಕೊಟ್ಟು ಯಾರು ಪೋಲೋ ತಗೋತಾರೆ ಅಂತ ಆಗ ನಾನೂ ನಕ್ಕಿದ್ದೆ. ಕೆಲವು ವರ್ಷ ಆದ ಮೇಲೆ ಸೆಕೆಂಡ್ ಹ್ಯಾಂಡ್ ಒಂದು ಕಣ್ಣಿಗೆ ಬಿತ್ತು, ನಗು ನಿಂತಿತು.

ಅದಕ್ಕೆ ಮುಂದಿನ ಡಿಸ್ಕ್ 310 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಇದು; ಬ್ರೇಕ್ ಒತ್ತಿದಾಗ ಎರಡೂ ಕಡೆಯಿಂದ ಪ್ಯಾಡುಗಳು ಇದನ್ನು ಹಿಡಿದು ಗಾಡಿ ನಿಲ್ಲಿಸುತ್ತವೆ. ಇಂಟರ್ನೆಟ್ಟಿನಲ್ಲಿ ಇದಕ್ಕೆ ರೋಟರ್ ಅನ್ನುತ್ತಾರೆ. ಗ್ಯಾರೇಜಿನಲ್ಲಿ ಹಾಗಂದರೆ ಯಾರಿಗೂ ಗೊತ್ತಾಗುವುದಿಲ್ಲ, ಡಿಸ್ಕ್ ಅಂತಲೇ ಅನ್ನಬೇಕು.

ಇದೆಲ್ಲ ಶುರುವಾಗಿದ್ದು ಚಾರ್ಮಾಡಿಯಲ್ಲಿ. ಅಮ್ಮನಿಗೆ ಧರ್ಮಸ್ಥಳಕ್ಕೆ ಹೋಗಬೇಕಿತ್ತು. ಶಿರಾಡಿಯಲ್ಲಿ ಲಾರಿ ಸಾಲು ಅಂತ ಕೇಳಿ ನಾವು ಮೂಡಿಗೆರೆ ಕಡೆಯಿಂದ ಹೋದೆವು. ಅಮ್ಮ ಮುಂದೆ. ಹೆಂಡತಿ, ಬ್ಯಾಗು, ಹಣ್ಣಿನ ಬುಟ್ಟಿ ಎಲ್ಲ ಹಿಂದೆ. ಎರಡು ಬಾಗಿಲಿನ ಗಾಡಿಯಲ್ಲಿ ಹಿಂದೆ ಕೂತವರು ನಾವು ಇಳಿಸಿದಾಗ ಮಾತ್ರ ಇಳಿಯಬಹುದು. ಇದರ ಬಗ್ಗೆ ಹೆಂಡತಿಯ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಘಾಟಿ ಇಳಿಯೋಕೆ ಶುರು ಮಾಡಿದೆವು.

ಮುಂದೆ ಒಂದು ಬಸ್ಸು. ಮಂಜು. ಓವರ್‌ಟೇಕ್ ಮಾಡೋಕೆ ಜಾಗವಿಲ್ಲ. ಗಾಡಿಯದು ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಗೇರು ಡಿಯಲ್ಲಿ ಬಿಟ್ಟು, ಬ್ರೇಕ್ ಮೇಲೆ ಕಾಲಿಟ್ಟು ಆರಾಮಾಗಿ ಇಳಿಸುತ್ತಿದ್ದೆ. ಡಿಎಸ್‌ಜಿ ಗೇರ್‌ಬಾಕ್ಸಿಗೆ ಪೆಟ್ರೋಲ್ ಉಳಿಸುವ ಚಟ ಜಾಸ್ತಿ. ಸ್ವಲ್ಪ ಅವಕಾಶ ಸಿಕ್ಕರೂ ಮೇಲಿನ ಗೇರಿಗೆ ಹೋಗಿ ಕೂರುತ್ತದೆ, ಇಂಜಿನ್ ಹಿಡಿತ ಸಿಗುವುದೇ ಇಲ್ಲ. ಹಾಗಾಗಿ ಭಾರವೆಲ್ಲ ಬ್ರೇಕಿನ ಮೇಲೆ.

"ಏನೋ ಇದು, ರಬ್ಬರ್ ಸುಟ್ಟ ಹಾಗೆ ವಾಸನೆ?" ಅಂದಳು ಅಮ್ಮ.

"ಮುಂದಿನ ಬಸ್ಸಿಂದು" ಅಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ಕೆಳಗಿನ ಒಂದು ತಿರುವಿನಲ್ಲಿ ಲಾರಿಯೂ ಬಸ್ಸೂ ಎದುರಾಬದುರಾ ಸಿಕ್ಕಿಕೊಂಡವು. ಹಿಂದೆ ತಗೊಳ್ಳಿ, ಬಲಕ್ಕೆ ತಗೊಳ್ಳಿ ಅಂತ ಹತ್ತು ಜನ ಕೂಗುತ್ತಿದ್ದರು. ನಾನು ಇಳಿಜಾರಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಐದಾರು ನಿಮಿಷ ನಿಂತೆ. ಡಿಸ್ಕ್ ಕಾದ ಕಾವಲಿ ಆಗಿದ್ದ ಹೊತ್ತು ಅದು. ಕಾವಲಿಗೆ ಹಿಟ್ಟು ಅಂಟಿದ ಹಾಗೆ ಪ್ಯಾಡಿನ ಮಸಾಲೆ ಡಿಸ್ಕಿಗೆ ಅಲ್ಲಲ್ಲೇ ಅಂಟಿತು. ಇದು ತಿಳಿದದ್ದು ಆಮೇಲೆ. ಆವತ್ತು ಧರ್ಮಸ್ಥಳದಲ್ಲಿ ಒಳ್ಳೆ ದರ್ಶನ, ಒಳ್ಳೆ ಊಟ.

ವಾಪಸ್ ಬರುವಾಗ ಹಾಸನ ದಾಟಿದ ಮೇಲೆ ಹೈವೇಯಲ್ಲಿ ತೊಂಬತ್ತರಲ್ಲಿ ಬ್ರೇಕ್ ಒತ್ತಿದೆ. ಸ್ಟೀರಿಂಗ್ ಅದುರಿತು. ಬಿಟ್ಟರೆ ಸರಿ, ಒತ್ತಿದರೆ ಅದುರು.

ಬೆಂಗಳೂರಲ್ಲಿ ಮೂರು ಕಡೆ ತೋರಿಸಿದೆ. ಮೂರು ಕಡೆಯೂ ಒಂದೇ ಮಾತು: "ಡಿಸ್ಕ್ ಬೆಂಡ್ ಆಗಿದೆ ಸಾರ್." ಒಬ್ಬರು ಚಕ್ರ ಕೂಡ ಬಿಚ್ಚಲಿಲ್ಲ, ಟೆಸ್ಟ್ ಡ್ರೈವ್ ಹೋಗಿ ಬಂದು ಹಾಗಂದರು. ನಾನೂ ನಂಬಿದೆ. ಇದರಲ್ಲಿ ನಾಚಿಕೆಯ ವಿಷಯ ಏನಪ್ಪಾ ಅಂದರೆ, ನಮ್ಮದು ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್. ದಪ್ಪ ಅಳೆಯುವ ಮೈಕ್ರೋಮೀಟರ್, ಓರೆ ಅಳೆಯುವ ಡಯಲ್ ಗೇಜ್ ಹಿಡಿದೇ ನಮ್ಮ ಹೊಟ್ಟೆಪಾಡು. ಮಾಡಿಕೊಡುವ ಭಾಗಕ್ಕೆ ನಾವು ಜಾಬ್ ಅನ್ನುತ್ತೇವೆ. ಗಿರಾಕಿ ಬಂದು "ಜಾಬ್ ಬೆಂಡ್ ಇದೆ" ಅಂದರೆ ಎಷ್ಟು, ಎಲ್ಲಿ, ಯಾವುದರಲ್ಲಿ ಅಳೆದಿರಿ ಅಂತ ಜಗಳಕ್ಕೇ ನಿಲ್ಲುತ್ತೇನೆ. ಸ್ವಂತ ಗಾಡಿ ವಿಷಯಕ್ಕೆ ಒಂದು ತಿಂಗಳು ಸುಮ್ನೆ ತಲೆಯಾಡಿಸಿಕೊಂಡು ಓಡಾಡಿದೆ.

ಕೊನೆಗೆ ಒಂದು ಭಾನುವಾರ ಡಿಸ್ಕ್ ಬಿಚ್ಚಿ ಶಾಪಿಗೆ ತಂದೆ. ಸುತ್ತ ಎಂಟು ಕಡೆ ದಪ್ಪ ಅಳೆದೆ. 24.2ರ ಆಸುಪಾಸು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ 22 ಅಂತ ಅಚ್ಚು ಹಾಕಿರುತ್ತಾರೆ, ಅಂದರೆ ಇನ್ನೂ ಬೇಕಾದಷ್ಟು ಮೈ ಇತ್ತು. ಆದರೆ ಎಂಟೂ ಕಡೆ ಒಂದೇ ಲೆಕ್ಕ ಬರಲಿಲ್ಲ. ಒಂದು ಕಡೆಗೂ ಇನ್ನೊಂದು ಕಡೆಗೂ 0.03 ಮಿಲಿಮೀಟರ್ ಹೆಚ್ಚುಕಮ್ಮಿ. ತಲೆಕೂದಲಿನ ಅರ್ಧದಷ್ಟೂ ಇಲ್ಲ. ಅಷ್ಟು ಸಾಕು. ಚಕ್ರ ಸೆಕೆಂಡಿಗೆ ಹತ್ತು ಹನ್ನೆರಡು ಸುತ್ತು ಸುತ್ತುವಾಗ ಪ್ಯಾಡು ಒಂದು ಸಲ ಬಿಗಿಯಾಗಿ, ಒಂದು ಸಲ ಸಡಿಲವಾಗಿ ಹಿಡಿಯುತ್ತದೆ, ಆ ಜಗ್ಗಾಟ ಸ್ಟೀರಿಂಗಿಗೆ ಬರುತ್ತದೆ. ಬೆಂಡೂ ಇಲ್ಲ, ಗಿಂಡೂ ಇಲ್ಲ.

ಮೈ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆಗಳಿದ್ದವು. ನಮ್ಮ ಕಸುಬಿನವರಿಗೆ ಆ ಬಣ್ಣ ಗೊತ್ತು. ಉಕ್ಕು ಹಾಗೆ ನೀಲಿ ತಿರುಗಬೇಕಾದರೆ 300 ಡಿಗ್ರಿ ಸುತ್ತಮುತ್ತ ಕಾದಿರಬೇಕು.

ಲೇತ್ ಮನೆಯದ್ದೇ. ಬಿಡುವುದುಂಟೇ? ನಮ್ಮ ಆಪರೇಟರ್ ಅಣ್ಣ, ಇಪ್ಪತ್ತು ವರ್ಷದ ಕೈ, ಲೇತಿನ ಚಕ್ಕಿಗೆ ಕಟ್ಟಿ ಎರಡೂ ಕಡೆ ಕನ್ನಡಿ ಹಾಗೆ ಫೇಸ್ ಹೊಡೆದು, ಅಂದರೆ ಮೈ ಸಮ ಮಾಡಿ, ಕೊಟ್ಟರು. ನೀಲಿ ಮಚ್ಚೆ ಬಂದ ಕಡೆ ಮಾತ್ರ ಟೂಲ್ ಕಿರ್ ಕಿರ್ ಅನ್ನುತ್ತಿತ್ತು. ಬೀಡು ಕಬ್ಬಿಣ ತೀರಾ ಕಾದು ತಣ್ಣಗಾದ ಕಡೆ ಸಿಮೆಂಟೈಟ್ ಅನ್ನುವ ಗಟ್ಟಿ ಪದಾರ್ಥ ಆಗಿಬಿಡುತ್ತದೆ. ಅದು ಮೇಲ್ಮೈಯಲ್ಲಷ್ಟೇ ಇರುವುದಿಲ್ಲ, ಒಳಗೂ ಇಳಿದಿರುತ್ತದೆ. ಎರಡು ತಿಂಗಳು ಗಾಡಿ ಬೆಣ್ಣೆ ಹಾಗೆ ಓಡಿತು. ಆಮೇಲೆ ಸುತ್ತಲಿನ ಮೆತ್ತಗಿನ ಕಬ್ಬಿಣ ಸವೆದು, ಗಟ್ಟಿ ಮಚ್ಚೆ ತಲೆ ಎತ್ತಿತು. ಮತ್ತೆ ಅದುರು.

ಹಾಗಾಗಿ ಹೊಸದು ಹುಡುಕಲು ಜೆ.ಸಿ. ರೋಡಿಗೆ ಬಂದಿದ್ದೆ.

ಇನ್ನು ಯಾವುದು ತಗೊಳ್ಳೋದು ಅನ್ನುವ ಪ್ರಶ್ನೆ. ನನ್ನ ಗೆಳೆಯನೊಬ್ಬನಿದ್ದಾನೆ, ಗಾಡಿ ಹುಚ್ಚ. "ಮಗಾ, ತೂತು ಇರೋದು ಹಾಕ್ಸು. ಅಲಾಯ್ ಸಂದಿಯಿಂದ ಕಂಡ್ರೆ ಸಿಗ್ನಲಲ್ಲಿ ಜನ ತಿರುಗಿ ನೋಡ್ತಾರೆ." ಹಾಗೆ ತಿರುಗಿ ನೋಡಿದವರ ಮುಂದೆಯೂ ನಾನು ಸ್ಟೀರಿಂಗ್ ಅದುರಿಸಿಕೊಂಡೇ ನಿಲ್ಲಬೇಕಲ್ವಾ? ಆದರೂ ಆಸೆ ಆಗಲಿಲ್ಲ ಅಂದರೆ ಸುಳ್ಳು. ಎರಡು ರಾತ್ರಿ ಕೂತು ಓದಿದೆ.

ತೂತು ಕೊರೆಯುವ ಪದ್ಧತಿ ಬಂದದ್ದಕ್ಕೆ ಕಾರಣ ಇದೆ. ಹಳೇ ಕಾಲದ ಪ್ಯಾಡುಗಳು ಕಾದಾಗ ಅದರ ಅಂಟಿನಿಂದ ಗ್ಯಾಸ್ ಬರುತ್ತಿತ್ತು. ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿಕೊಂಡು ಹಿಡಿತ ತಪ್ಪಿಸುತ್ತಿತ್ತು. ತೂತು ಇದ್ದರೆ ಗ್ಯಾಸಿಗೆ ದಾರಿ. ಈಗಿನ ಪ್ಯಾಡುಗಳಲ್ಲಿ ಆ ಕಾಟ ತುಂಬಾ ಕಡಿಮೆ. ಮಳೆಯಲ್ಲಿ ನೀರು ಬೇಗ ಹೋಗುತ್ತದೆ, ಅದು ನಿಜ. ಪೋರ್ಶೆಯ ಕೆಲವು ಗಾಡಿಗಳಿಗೆ ಕಂಪನಿಯಿಂದಲೇ ತೂತಿನ ಡಿಸ್ಕ್ ಬರುತ್ತದೆ, ಅದೂ ನಿಜ. ಆದರೆ ಅಲ್ಲಿ ಡಿಸ್ಕೇ ದೊಡ್ಡದು. ನನ್ನ ಅಳತೆಯ ಡಿಸ್ಕಿಗೆ ತೂತು ಕೊರೆದರೆ ಇರುವ ಕಬ್ಬಿಣವೂ ಕಮ್ಮಿ. ಮತ್ತೆ ಮತ್ತೆ ಕಾದು ತಣ್ಣಗಾದರೆ ಬಿರುಕು ಹುಟ್ಟುವುದು ತೂತಿನ ಅಂಚಿನಿಂದಲೇ. ಶಾಪ್ ಫ್ಲೋರಿನಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ.

ಗೀರು ಹೊಡೆದ ಡಿಸ್ಕ್ ಇನ್ನೊಂದು ಬಗೆ. ಗೀರುಗಳು ಪ್ಯಾಡಿನ ಮುಖ ಕೆರೆಯುತ್ತಾ ಚೊಕ್ಕಟವಾಗಿ ಇಡುತ್ತವೆ. ಜೊತೆಗೆ ಪ್ಯಾಡನ್ನೂ ಬೇಗ ತಿನ್ನುತ್ತವೆ, ಜೋರಾಗಿ ಒತ್ತಿದರೆ ಗುರ್ ಅನ್ನುತ್ತವೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ತಿಂಗಳಿಗೊಮ್ಮೆ ಓಡಿಸುವವರಿಗೆ ಸರಿ. ನಾನು ತಿಂಗಳಿಗೊಮ್ಮೆ ಓಡಿಸುವುದು ಅತ್ತೆ ಮನೆಗೆ. ಕಾರ್ಬನ್ ಸೆರಾಮಿಕ್ ವಿಷಯ ಬಿಡಿ, ಅದರ ದುಡ್ಡಿಗೆ ಇನ್ನೊಂದು ಗಾಡಿ ಬರುತ್ತದೆ.

ನನ್ನ ಮನಸ್ಸು ಗಟ್ಟಿ ಮಾಡಿದ್ದು ಒಂದು ಸಣ್ಣ ಲೆಕ್ಕ. ಗಾಡಿ, ನಾವು ಮೂವರು, ಸಾಮಾನು ಸೇರಿ 1,500 ಕಿಲೋ ಅಂತಿಟ್ಟುಕೊಳ್ಳಿ. ಘಾಟಿಯಲ್ಲಿ ಬರೀ 500 ಮೀಟರ್ ಕೆಳಗಿಳಿದೆವು ಅಂತಿಟ್ಟುಕೊಳ್ಳಿ. ಹುಟ್ಟುವ ಶಾಖ 73 ಲಕ್ಷ ಜೂಲ್. ಮನೆಗೆ ಬರುವ 20 ಲೀಟರ್ ಕ್ಯಾನಿನ ನೀರನ್ನು ಪೂರ್ತಿ ಕುದಿಸಿ ಆಮೇಲೂ ಮಿಗುತ್ತದೆ. ಗಾಳಿ ಸ್ವಲ್ಪ, ಟೈರು ಸ್ವಲ್ಪ ತಿನ್ನುತ್ತವೆ. ಇಂಜಿನ್ನಿಗೆ ನಾನು ಏನೂ ಬಿಡಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿಗೆ. ಒಂದೊಂದೂ ಏಳೆಂಟು ಕಿಲೋ ಕಬ್ಬಿಣ. ಶಾಖ ನುಂಗೋಕೆ ಅಲ್ಲಿರುವುದು ಆ ಕಬ್ಬಿಣವೇ. ಅದರಲ್ಲಿ ತೂತು ಕೊರೆಸಲು ನಾನೇ ಜಾಸ್ತಿ ದುಡ್ಡು ಕೊಡಬೇಕಾ?

ಸಾದಾ ಡಿಸ್ಕ್ ಅಂತ ತೀರ್ಮಾನ ಆಯಿತು. ಸಿಗುವುದು ಅಷ್ಟು ಸಾದಾ ಆಗಿರಲಿಲ್ಲ. ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಒಂದು ಸ್ಟಿಕರ್ ಇರುತ್ತದೆ, ತುಂಬಾ ಮೂರಕ್ಷರದ ಕೋಡುಗಳು. ಸರ್ವಿಸ್ ಬುಕ್ಕಿನಲ್ಲೂ ಅದೇ ಇರುತ್ತದೆ. ಅದರಲ್ಲಿ ಒಂದು ಕೋಡು ಮುಂದಿನ ಬ್ರೇಕಿನ ಅಳತೆಯದು. ಒಂದೇ ಹೆಸರಿನ ಗಾಡಿಗೆ ಮೂರು ನಾಲ್ಕು ಅಳತೆಯ ಬ್ರೇಕ್ ಬಂದಿರುವುದರಿಂದ "ಪೋಲೋ" ಅಂದರೆ ಸಾಲದು. ಆ ಸ್ಟಿಕರಿನ ಫೋಟೋ, ಚಾಸಿ ನಂಬರು, ನಾನೇ ಅಳೆದ ಎತ್ತರ, ಅಗಲ, ದಪ್ಪ ಎಲ್ಲ ಒಂದು ಚೀಟಿಯಲ್ಲಿ ಬರೆದು ಅಂಗಡಿಯವರಿಗೆ ಕೊಟ್ಟೆ. ಅವರು ಫೋನಿನಲ್ಲಿ ಅರ್ಧ ಗಂಟೆ ಯಾರ ಯಾರ ಹತ್ತಿರವೋ ಮಾತಾಡಿ, "ಮೂರು ವಾರ. ಅಡ್ವಾನ್ಸ್ ಬಿಡಿ" ಅಂದರು. ಬಿಟ್ಟೆ. ಐದು ವಾರಕ್ಕೆ ಬಂತು.

ಡಬ್ಬಿ ತೆರೆದ ತಕ್ಷಣ ಮೊದಲು ಮೈಕ್ರೋಮೀಟರ್ ಹಾಕಿದೆ. 25.0. ಕನಿಷ್ಠ 22 ಅಂತ ಅಚ್ಚು. ನಡುವಿನ ಟೋಪಿ ಭಾಗಕ್ಕೆ ತುಕ್ಕು ಹಿಡಿಯದ ಬೂದು ಬಣ್ಣ. ನೋಡೋಕೆ ಏನೇನೂ ಚೆನ್ನಾಗಿಲ್ಲ. ಗೆಳೆಯನಿಗೆ ಫೋಟೋ ಕಳಿಸಿದೆ. "ತವಾ ತಗೊಂಡ್ಯಾ?" ಅಂತ ಉತ್ತರ ಬಂತು.

ಶಾಪಿನಲ್ಲೇ ಹಾಕಲು ಕೂತೆವು. ಹಳೇ ಡಿಸ್ಕ್ ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಒಂದೇ ಒಂದು ಟಾರ್ಕ್ಸ್ ಸ್ಕ್ರೂನಲ್ಲಿ ನಿಂತಿರುತ್ತದೆ. ಹಿಂದಿನ ಸಲ ನಾನೇ ಅದರ ತಲೆ ಹಾಳು ಮಾಡಿದ್ದೆ. ಕೊರೆದು ತೆಗೆದದ್ದಾಯಿತು. ಡಿಸ್ಕ್ ಕೆಳಗಿಟ್ಟ ಆಪರೇಟರ್ ಅಣ್ಣ ಹಬ್ಬಿನ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ಕೆಂಪಗಾಯಿತು.

"ಸಾರ್, ಹೋದ ಸಲ ಜಾಬ್ ಸರಿ ಮಾಡಿ ಕೊಟ್ಟೆ. ಅದು ಕೂರೋ ಜಾಗ ನೋಡಿದ್ರಾ?"

ನೋಡಿರಲಿಲ್ಲ. ಲೇತ್ ಚಕ್ಕಿಗೆ ಸಣ್ಣ ಕಸ ಸಿಕ್ಕಿಕೊಂಡರೆ ಹುಡುಗರನ್ನು ಬೈಯುವ ಮನುಷ್ಯ ನಾನು. ಹಬ್ಬಿನ ಮೇಲೆ ತುಕ್ಕಿನ ಹಕ್ಕಳೆ ಬಿಟ್ಟು, ಅದರ ಮೇಲೆ ಕನ್ನಡಿ ಹಾಗೆ ಹೊಳೆಯುವ ಡಿಸ್ಕ್ ಕೂರಿಸಿದ್ದೆ. ಹಾಗೆ ಓರೆಯಾಗಿ ಕೂತ ಡಿಸ್ಕಿನ ಉಬ್ಬಿದ ಕಡೆ, ಬ್ರೇಕ್ ಒತ್ತದಿದ್ದಾಗಲೂ, ಪ್ರತಿ ಸುತ್ತಿಗೆ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿದರೆ ದಪ್ಪ ಮತ್ತೆ ಹೆಚ್ಚುಕಮ್ಮಿ ಆಗದೆ ಇನ್ನೇನಾಗುತ್ತದೆ? ಹೊಸ ಡಿಸ್ಕನ್ನು ಹಾಗೇ ಹಾಕಿದ್ದರೆ ಆರು ತಿಂಗಳಿಗೆ ಅದಕ್ಕೂ ಇದೇ ಗತಿ.

ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಹಬ್ಬಿನ ಮುಖ ಬೆಳ್ಳಿ ಆಗುವ ತನಕ ಉಜ್ಜಿದೆವು. ಹೊಸ ಡಿಸ್ಕಿನ ಎಣ್ಣೆ ತೊಳೆದು ಕೂರಿಸಿ, ಬೋಲ್ಟ್ ಹಾಕಿ ಬಿಗಿದು, ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿದೆವು. ಮುಳ್ಳು 0.03ರೊಳಗೆ ಆಡಿತು. ಅನುಮಾನಕ್ಕೆ ಹಳೇ ಡಿಸ್ಕನ್ನೂ ಇನ್ನೊಂದು ಕಡೆಯ, ಇನ್ನೂ ಉಜ್ಜದ ಹಬ್ಬಿನ ಮೇಲೆ ನೋಡಿದೆವು. 0.11. ಅಣ್ಣ ಏನೂ ಹೇಳಲಿಲ್ಲ. ಟೀ ಕುಡಿಯೋಕೆ ಹೋದರು.

ಪ್ಯಾಡು ಹೊಸದು, ಡಾಟ್ 4 ಬ್ರೇಕ್ ಆಯಿಲ್ ಹೊಸದು. ಚಕ್ರದ ಬೋಲ್ಟುಗಳನ್ನು ಗನ್ನಿನಲ್ಲಿ ಗರ್ ಅನ್ನಿಸದೆ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿದೆ. ಒಂದು ಬೋಲ್ಟ್ ಜಾಸ್ತಿ, ಒಂದು ಕಮ್ಮಿ ಆದರೆ ಅದೂ ಡಿಸ್ಕನ್ನು ಎಳೆಯುತ್ತದೆ.

ಹೊಸ ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ಮಾರನೇ ದಿನ ಬೆಳಗಿನ ಜಾವ ತುಮಕೂರು ರೋಡಿನಿಂದ ನೈಸ್ ರಸ್ತೆ ಹತ್ತಿದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು 80ರಿಂದ 20ಕ್ಕೆ ಇಳಿಸೋದು, ಮತ್ತೆ ಏರಿಸೋದು. ಹತ್ತು ಸಲ. ಪೂರ್ತಿ ಮಾತ್ರ ನಿಲ್ಲಿಸಬಾರದು, ನಿಲ್ಲಿಸಿದರೆ ಚಾರ್ಮಾಡಿ ಕಥೆಯೇ. ಎಲ್ಲ ಸರಿಯಾಗಿ ಮಾಡಿದೆ. ಒಂದು ಮರೆತಿದ್ದೆ. ಹತ್ತನೇ ಸಲ ಮುಗಿದು ಕಣ್ಣೆತ್ತಿ ನೋಡಿದರೆ ಎದುರಿಗೆ ಟೋಲ್. ಮುಂದೆ ಮೂರು ಗಾಡಿ. ಮೂರು ಕಾರಿನಷ್ಟು ಜಾಗ ಬಿಟ್ಟು ಬಸವನ ಹುಳದ ಹಾಗೆ ತೆವಳುತ್ತಾ ಹೋದೆ. ಹಿಂದಿನವನು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಪಕ್ಕದ ಸಾಲಿಗೆ ಹೋದ.

ಈ ಸಲ ಕಾರ್ತಿಕದಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೊರಟೆವು. ಬೇಕಂತಲೇ ಚಾರ್ಮಾಡಿ. ಗೇರನ್ನು ಕೈಯಲ್ಲೇ ಎರಡಕ್ಕೆ, ಮೂರಕ್ಕೆ ಹಾಕಿಕೊಂಡು ಇಂಜಿನ್ ಹಿಡಿತದಲ್ಲೇ ಇಳಿಸಿದೆ. ತಿರುವಿನ ಮುಂಚೆ ಒಂದು ಸಲ ಒತ್ತಿ ಬಿಡೋದು, ಅಷ್ಟೇ. ವಾಸನೆ ಇಲ್ಲ, ಅದುರು ಇಲ್ಲ. ಇಂಜಿನ್ ಮಾತ್ರ ಉದ್ದಕ್ಕೂ ಊಳಿಡುತ್ತಿತ್ತು. ಅಮ್ಮ ಕೆಳಗೆ ಬರುವ ತನಕ ತಡೆದುಕೊಂಡಿದ್ದು, ಉಜಿರೆಯಲ್ಲಿ ಕೇಳಿಯೇ ಬಿಟ್ಟಳು.

"ಹೋದ ಸಲ ಎಷ್ಟು ಸದ್ದಿಲ್ಲದೆ ಇಳೀತಪ್ಪಾ ಗಾಡಿ. ಆ ಡಿಸ್ಕೋ ಗಿಸ್ಕೋ ಹಾಕಿಸಿದ್ದು ಸರಿ ಇಲ್ಲ ನೋಡು. ಬಿಲ್ ಇಟ್ಟಿದ್ದೀಯಾ? ವಾಪಸ್ ತಗೋತಾರೇನೋ ಕೇಳು."