ಕೇರ್ ಆಫ್ 56 ಎಪಿಒ

ಮಂಗಳವಾರದಿಂದ ಈ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿದೆ.

"ಅಡ್ರೆಸ್ ಹೇಳ್ರಿ ಕಾಕಾ."

"ಹಳೇದು ಹೇಳ್ಲ್ಯೋ, ಈಗಿಂದು ಹೇಳ್ಲ್ಯೋ?"

"ಈಗಿಂದ ಹೇಳ್ರಿ."

"ಬರ್ಕೋ. ಕೇರ್ ಆಫ್ ಐವತ್ತಾರು ಎಪಿಒ."

ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೈನಿಕರಿಗೆ ಪತ್ರ ಹೋಗುವ ವಿಳಾಸ. ಹಿಂದೆ ನಿಂತಿದ್ದ ಕಾಲೇಜು ಹುಡುಗ ನಕ್ಕ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ಬೆಳಗಾವಿಯ ಚೆನ್ನಮ್ಮ ಸರ್ಕಲ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಬೋರ್ಡು ಝೆರಾಕ್ಸಿನದು, ಹೊಟ್ಟೆ ತುಂಬುವುದು ಆನ್‌ಲೈನ್ ಅರ್ಜಿಗಳಿಂದ. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ 'ಇನ್ನೂ ಬದುಕಿದ್ದೇನೆ' ಅಂತ ಹೆಬ್ಬೆಟ್ಟು ಒತ್ತಲು ನನ್ನ ಹತ್ತಿರವೇ ಬರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಮಿಲ್ಟ್ರಿಯವರು. ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಇರುವ ಊರಲ್ಲಿ ಅದು ವಿಶೇಷವೇನಲ್ಲ.

ಆದರೆ ಈ ಕಾಕಾ ನವೆಂಬರ್ ಗಿರಾಕಿ ಅಲ್ಲ. ಇವರ ಮುಖ ನನಗೆ ಬೇರೆ ಕಾರಣಕ್ಕೆ ಗೊತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನನ್ನ ಅಂಗಡಿ ಕಟ್ಟೆ ಮೇಲೆ ಯಾರೋ ಮಲಗಲು ಶುರುಮಾಡಿದ್ದರು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಸಾಮಾನ್ಯವಾಗಿ ಎದ್ದು ಹೋಗಿರುತ್ತಿದ್ದರು. ಒಂದೆರಡು ಸಲ ಮುಖ ಕಂಡಾಗ ಅದು ಇವರದೇ. ಗಲೀಜು ಇಲ್ಲ, ಬೀಡಿ ತುಂಡಿಲ್ಲ. ಒಂದು ಗೊಬ್ಬರದ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಮೀಟರ್ ಬಾಕ್ಸಿನ ಹಿಂದೆ ಇಟ್ಟಿರುತ್ತಿದ್ದರು. ನಮ್ಮ ಮನೆಯಲ್ಲಿ ಬೆಡ್‌ಶೀಟನ್ನೂ ಯಾರೂ ಅಷ್ಟು ಚೆಂದ ಮಡಚುವುದಿಲ್ಲ. ಆದರೂ ನನಗೆ ತಡೆಯಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಕಟ್ಟೆಗೆ ಎರಡು ಕೊಡ ನೀರು ಹೊಯ್ದು ಹೋಗತೊಡಗಿದೆ. ಪಕ್ಕದ ಅಂಗಡಿಯವನೇ ಹೇಳಿಕೊಟ್ಟ ಉಪಾಯ. ಜಗಳ ಇಲ್ಲ, ಬೈಗಳ ಇಲ್ಲ, ಒದ್ದೆ ಕಟ್ಟೆ ಮೇಲೆ ಯಾರು ಮಲಗುತ್ತಾರೆ? ನನ್ನ ಪ್ರಿಂಟರ್ ಮೇಲೆ ಡಿಸೆಂಬರ್ 7ರ ಸೈನಿಕರ ಧ್ವಜ ದಿನದ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿದೆ. ದುಡ್ಡು ಕೊಟ್ಟು ನಾನೇ ಅಂಟಿಸಿದ್ದು.

ಆ ಕಾಕಾ ಮಂಗಳವಾರ ಕೌಂಟರಿಗೆ ಬಂದು ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಒಳಗೆ ಇನ್ನೊಂದು ಕವರ್. ಅದರೊಳಗೆ ಡಿಸ್ಚಾರ್ಜ್ ಬುಕ್. ಅಂಚು ಸವೆದಿತ್ತು, ಒಂದು ಹಾಳೆಯೂ ಒದ್ದೆಯಾಗಿರಲಿಲ್ಲ. 1975ರಲ್ಲಿ ಭರ್ತಿ, 1986ರಲ್ಲಿ ಸ್ವಂತ ಕೋರಿಕೆಯ ಮೇಲೆ ಬಿಡುಗಡೆ. ಹುದ್ದೆ ನಾಯಕ್, ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ.

"ಪೆನ್ಶನ್ ಇಲ್ಲದವ್ರಿಗೂ ಏನೋ ರೊಕ್ಕಾ ಬರ್ತೈತಂತಲ್ಲ, ಅದರ ಅರ್ಜಿ ತುಂಬು."

ಆ ರೊಕ್ಕ ಇರುವುದು ನಿಜ. ಪೆನ್ಯುರಿ ಗ್ರಾಂಟ್ ಅಂತಾರೆ. ಹವಾಲ್ದಾರ್ ಹುದ್ದೆಯವರೆಗಿನ, 65 ದಾಟಿದ, ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೆ ತಿಂಗಳಿಗೆ 4,000 ಇತ್ತು, 2025ರ ನವೆಂಬರ್‌ನಿಂದ 8,000 ಆಗಿದೆ. ಅರ್ಜಿ ಆನ್‌ಲೈನ್, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ನೋಡಿ ಮುಂದಕ್ಕೆ ಕಳಿಸುತ್ತಾರೆ. ಇಷ್ಟೆಲ್ಲ ನನಗೆ ಬಾಯಿಪಾಠ. ಅಡ್ರೆಸ್ ಕೇಳಿದ್ದು ಆಗಲೇ.

ಮಿಲ್ಟ್ರಿ ಮನೆಯವರಿಗೆ 56 ಎಪಿಒ ಅಂದರೆ ಬಿಡಿಸಿ ಹೇಳಬೇಕಿಲ್ಲ. ನಂಬರು, ಹುದ್ದೆ, ಹೆಸರು, ಪಲ್ಟನ್, ಕೆಳಗೆ ಕೇರ್ ಆಫ್ 56 ಎಪಿಒ, ಇಲ್ಲವೇ 99 ಎಪಿಒ. ಊರಿನ ಹೆಸರೇ ಇರುವುದಿಲ್ಲ. ಪಲ್ಟನ್ ಎಲ್ಲಿದೆ ಅಂತ ಬರೆದವರಿಗೂ ಗೊತ್ತಾಗಬಾರದು. ಆರ್ಮಿ ಪೋಸ್ಟಿನವರು ಗುಡ್ಡ ಹತ್ತಿಯಾದರೂ ಪತ್ರ ಮುಟ್ಟಿಸುತ್ತಿದ್ದರು. ಆ ಅಡ್ರೆಸ್ ಮೇಲೆ ಹನ್ನೊಂದು ವರ್ಷ ಬದುಕಿದ ಮನುಷ್ಯ ಈಗ ನನ್ನ ಕಟ್ಟೆ ಕಡೆ ಒಂದು ಸಲ ನೋಡಿ, ನನ್ನ ಮುಖ ನೋಡಿ, ಮತ್ತೆ ಅದನ್ನೇ ಹೇಳಿದರು. ಕಟ್ಟೆಗೆ ನೀರು ಹೊಯ್ಯುವವನು ನಾನೇ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಅಂತಲೇ ನನಗೆ ಅನ್ನಿಸುತ್ತದೆ.

ಅದೇ ಹೊತ್ತಿಗೆ ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ, ಅಂಗಡಿಯಲ್ಲೇ ಕೂತಿದ್ದ. ಅವನ ಕಥೆ ಹೇಳದೆ ಇದು ಮುಗಿಯುವುದಿಲ್ಲ.

ಅವನು ಹದಿನೇಳು ವರ್ಷ ಸರ್ವಿಸ್ ಮುಗಿಸಿ ಇದೇ ಭಾನುವಾರ ಊರಿಗೆ ಬಂದ. ವಯಸ್ಸು ಮೂವತ್ತೇಳು. ಬೈಲಹೊಂಗಲ ಕಡೆ ಯೋಧ ನಿವೃತ್ತಿಯಾಗಿ ಬಂದರೆ ಅದೊಂದು ಜಾತ್ರೆ. ತೆರೆದ ಜೀಪು, ಹಲಗೆ, ಡಿಜೆ, ಪೇಟ, ಕುತ್ತಿಗೆ ಕಾಣದಷ್ಟು ಹಾರ. ಅಗಸಿಯಲ್ಲಿ ಚಿಕ್ಕಮ್ಮ ಆರತಿ ಎತ್ತಿದಾಗ ನನಗೂ ಕಣ್ಣು ತುಂಬಿತು. ಭಾರತ ಮಾತಾ ಕೀ ಜೈ ಅಂತ ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಎರಡೇ ದಿನಕ್ಕೆ ಅವನು ನನ್ನ ಅಂಗಡಿಯಲ್ಲಿ. "ಅಣ್ಣಾ, ಒಂದು ಬಯೋಡಾಟಾ ಮಾಡಿಕೊಡು." ಹದಿನೈದು ವರ್ಷ ದಾಟಿದವರಿಗೆ ಡಿಗ್ರಿಗೆ ಸಮ ಅಂತ ಸೇನೆ ಕೊಡುವ ಸರ್ಟಿಫಿಕೇಟ್ ಇದೆ. ಕೇಂದ್ರದ ಗ್ರೂಪ್ ಸಿ ನೌಕರಿಯಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ ಹತ್ತು ಮೀಸಲು. ಆದರೆ ಪರೀಕ್ಷೆ ಬರೆಯಬೇಕು, ಕಾಯಬೇಕು. ಮಕ್ಕಳ ಫೀಸು ಕಾಯುತ್ತದಾ? ಅನುಭವ ಅನ್ನುವ ಕಡೆ ಏನು ಹಾಕಲಿ ಅಂತ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, "ಸೆಕ್ಯುರಿಟಿ ಅಂತ ಹಾಕು" ಅಂದ. ಮೋರ್ಟಾರ್ ಹೊಡೆಯುತ್ತಿದ್ದ ಹುಡುಗ ಅದು.

ಕಾಕಾನ 56 ಎಪಿಒ ಕೇಳಿ ನಾವು ನಕ್ಕಾಗ ಅವನು ನಗಲಿಲ್ಲ. ಕುರ್ಚಿಯಿಂದ ಎದ್ದ.

"ರಾಮ್ ರಾಮ್ ಸಾಹೇಬ್. ಕೌನ್ಸಿ ಪಲ್ಟನ್?"

ಗೂನು ಬಿದ್ದಂತಿದ್ದ ಆ ಬೆನ್ನು ನೆಟ್ಟಗಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಹಿಮ್ಮಡಿ ಎರಡೂ ಕೂಡಿದವು. ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲ್, ಒಂದರ ಪಟ್ಟಿಗೆ ಪಿನ್ ಚುಚ್ಚಿತ್ತು. ಆಮೇಲೆ ಹತ್ತು ನಿಮಿಷ ಇಬ್ಬರೂ ಹಿಂದಿ, ಮರಾಠಿ, ಕನ್ನಡ ಕಲಸಿ ಮಾತಾಡಿದರು. ನಾನು ಎರಡು ವಾರದಲ್ಲಿ ಕೇಳದೇ ಇದ್ದದ್ದೆಲ್ಲ ಆ ಹತ್ತು ನಿಮಿಷದಲ್ಲಿ ಹೊರಗೆ ಬಂತು.

ಅಪ್ಪನಿಗೆ ಲಕ್ವಾ ಹೊಡೆದಿದ್ದಕ್ಕೆ ಬಿಟ್ಟು ಬಂದದ್ದು. ಹದಿನೈದು ವರ್ಷ ತುಂಬದೆ ಸರ್ವಿಸ್ ಪಿಂಚಣಿ ಇಲ್ಲ. ಹೊಲ ಆಸ್ಪತ್ರೆಗೆ ಹೋಯಿತು, ಮೊದಲು ಅಪ್ಪನದು, ಆಮೇಲೆ ಹೆಂಡತಿಯದು. ಮುಂದೆ ಎಟಿಎಂ ಕಾವಲು. ಕ್ಯಾಮೆರಾ ಹಾಕಿ ಕಾವಲುಗಾರರನ್ನು ತೆಗೆದ ಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಮೆಟ್ಟಿಲ ಕೆಳಗಿನ ಖೋಲಿಯೇ ಮನೆ. ವಯಸ್ಸಾಯಿತು ಅಂತ ಕೆಲಸ ಬಿಡಿಸಿದರು, ಕೆಲಸದ ಜೊತೆ ಖೋಲಿಯೂ ಹೋಯಿತು. ಮನೆ ಇಲ್ಲದವರು ಅಂದರೆ ಕುಡಿದು ಹಾಳಾದವರು ಅಂತ ನಾನು ತಿಳಿದುಕೊಂಡಿದ್ದೆ. ಈ ಕಾಕಾ ಕುಡಿಯುತ್ತಿದ್ದರು, ಅದನ್ನೂ ಹೇಳಿದರು. ಸಿಟ್ಟಿನ ಮನುಷ್ಯ ಬೇರೆ. ನಡುವೆ ಬಾಯಿ ಹಾಕಿದ್ದಕ್ಕೆ ನನ್ನನ್ನೇ ಗದರಿದರು. ಆದರೆ ಮನೆ ಹೋದದ್ದು ಕುಡಿತದಿಂದಲ್ಲ.

ನಮ್ಮವನು ಫೋನ್ ತೆಗೆದು ಮಾಜಿ ಸೈನಿಕರ ವಾಟ್ಸಾಪ್ ಗ್ರೂಪಿಗೆ ಎರಡು ಸಾಲು ಹಾಕಿದ. ಮುಕ್ಕಾಲು ತಾಸಿನಲ್ಲಿ ನಾಲ್ಕು ಜನ ರೇನ್‌ಕೋಟ್ ಹಾಕಿಕೊಂಡು ಬಂದರು. ಮೊದಲು ಕೇಳಿದ್ದು, "ಊಟಾ ಆತೇನ್ರಿ?" ಒಬ್ಬ ವಿಡಿಯೋ ಮಾಡಲು ಹೋದ, ಉಳಿದವರು ಬೈದು ಕಿಸೆಗೆ ಹಾಕಿಸಿದರು. ಒಳ್ಳೆಯದೇ ಆಯಿತು.

ಖೋಲಿ ಕೊಡುತ್ತೇನೆ ಅಂದವರು ಗಣೇಶಪುರ ಕಡೆಯ ಒಬ್ಬ ನಿವೃತ್ತ ಸುಬೇದಾರ್. ನನಗೆ ಚೆನ್ನಾಗಿ ಗೊತ್ತಿರುವ ಗಿರಾಕಿ. ಎರಡು ರೂಪಾಯಿ ಝೆರಾಕ್ಸಿಗೆ ಹತ್ತು ನಿಮಿಷ ಚೌಕಾಸಿ ಮಾಡುವವರು. ಇಂಥ ಜಿಪುಣ ಬೆಳಗಾವಿಯಲ್ಲೇ ಇಲ್ಲ ಅಂತ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಿಟ್ಟಿನ ಗಿರಣಿಯ ಹಿಂದೆ ಒಂದು ಖೋಲಿ ಖಾಲಿ ಇತ್ತಂತೆ.

"ಫುಕಟ್ ಬ್ಯಾಡ" ಅಂದರು ಕಾಕಾ.

"ಫುಕಟ್ ಯಾರು ಕೊಡ್ತಾರ? ರಾತ್ರಿ ಗಿರಣಿ ನೋಡ್ಕೊಳ್ರಿ. ಶೆರೆ ಕುಡದ್ರ ಮಾತ್ರ ಹೊರಗ."

ಮತ್ತೆ ಕಾವಲೇ. ನನಗೆ ಒಂಥರಾ ಆಯಿತು. ಎಪ್ಪತ್ತರ ಮುದುಕರಿಗೆ ಸುಮ್ನೆ ಇರಲು ಒಂದು ಖೋಲಿ ಕೊಡಬಾರದಾ? ಆದರೆ ಕಾಕಾನ ಮುಖ ನೋಡಿದರೆ ಡ್ಯೂಟಿ ಸಿಕ್ಕಿದ್ದೇ ಅವರಿಗೆ ಜಾಸ್ತಿ ಖುಷಿ ಅನ್ನಿಸಿತು. ಅವರಿಗೆ ಏನು ಬೇಕು ಅಂತ ನಿರ್ಧರಿಸಲು ಕೊಡ ಎತ್ತಿದ ನಾನು ಯಾರು, ಅಲ್ವಾ?

ಆಧಾರ್‌ನಲ್ಲಿ ಅಡ್ರೆಸ್ ಬದಲಾಯಿಸಲು ಕಾರ್ಪೊರೇಟರ್ ಸಹಿಯ ಫಾರ್ಮ್ ಬೇಕು, ಅದನ್ನು ಸುಬೇದಾರರೇ ತರುತ್ತಾರಂತೆ. ಆ ಫಾರ್ಮಿನಲ್ಲೂ ಕೇರ್ ಆಫ್ ಅಂತ ಒಂದು ಕಡೆ ಇದೆ. ಅಲ್ಲಿ ಏನು ಬರೆಯಲಿ ಅಂತ ಕೇಳಿದೆ. ಸುಬೇದಾರರು ತಮ್ಮ ಹೆಸರು ಹೇಳಿದರು, ಸ್ಪೆಲ್ಲಿಂಗ್ ತಪ್ಪಬೇಡ ಅಂತ ಎರಡು ಸಲ ಹೇಳಿದರು. ಝೆರಾಕ್ಸಿನ ದುಡ್ಡು ನಾನು ಬೇಡ ಅಂದೆ. ಅವರು ಅಷ್ಟೇ ಖುಷಿಯಿಂದ ಕಿಸೆಗೆ ಹಾಕಿಕೊಂಡರು.

ತಮ್ಮನ ಬಯೋಡಾಟಾ ಇನ್ನೂ ಕಂಪ್ಯೂಟರಿನಲ್ಲೇ ಇದೆ. ಪ್ರಿಂಟ್ ತೆಗೆಯಬೇಡ, ಇನ್ನೊಂದು ಸಲ ನೋಡೋಣ ಅಂದು ಹೋದ. ಭಾನುವಾರ ನಾನು ಕೂಗಿದ ಜೈಕಾರ ಅವನಿಗೆ ಎಷ್ಟು ದಿನಕ್ಕೆ ಸಾಲುತ್ತದೆ ಅಂತ ಯೋಚಿಸುತ್ತಿದ್ದೇನೆ. ಅವನಿಗಾದರೂ ಪಿಂಚಣಿ ಇದೆ, ಗ್ರೂಪ್ ಇದೆ. ಯಾವ ಪಲ್ಟನ್ ಅಂತ ಕೇಳಿದರೆ ಹೇಳಲು ಒಂದು ಉತ್ತರ ಇದೆ.

ನಿನ್ನೆ ರಾತ್ರಿ ಶಟರ್ ಎಳೆದು ತಿರುಗಿದಾಗ ಕಟ್ಟೆ ಹತ್ತಿರ ಇನ್ನೊಬ್ಬರು ನಿಂತಿದ್ದರು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಗೌಂಡಿ ಕೆಲಸದ ಬುಟ್ಟಿ. ಮಿಲ್ಟ್ರಿಯವರಲ್ಲ. ಅವರಿಗಾಗಿ ಯಾವ ಗ್ರೂಪಿಗೆ ಎರಡು ಸಾಲು ಹಾಕಬೇಕು ಅಂತ ನನಗೆ ಹೊಳೆಯಲಿಲ್ಲ.

"ಇಲ್ಲಿ ಮಲಗಬೋದೇನ್ರಿ ಅಣ್ಣಾರ?"

ಕಾಕಾನ ಗೊಬ್ಬರದ ಚೀಲ ಮೀಟರ್ ಬಾಕ್ಸಿನ ಹಿಂದೆಯೇ ಇತ್ತು, ಹಾಗೇ ನಾಲ್ಕು ಮಡಿಕೆ.

"ಆ ಮೂಲ್ಯಾಗ ಸೋರತೈತಿ," ಅಂದೆ. "ಈ ಕಡೆ ಮಲಗ್ರಿ."